ಡಬ್ಬಿಯ ಹಿಂಭಾಗ

ಎಲ್ಲರಿಗೂ ನಮಸ್ಕಾರ. ಮೈಕು ಸ್ವಲ್ಪ ಕುಂಯ್ ಅಂತಿದೆ, ಇರಲಿ. ಇದಕ್ಕಿಂತ ಕೆಟ್ಟ ಸದ್ದನ್ನು ದಿನಾ ಗ್ಯಾರೇಜಿನಲ್ಲಿ ಕೇಳುವವರೇ ಇಲ್ಲಿ ಜಾಸ್ತಿ ಇದ್ದೀರಿ.

ನಾಳೆ ಆಯುಧಪೂಜೆ. ಇಡೀ ಮೈಸೂರು ಬೆಳಿಗ್ಗೆ ಎದ್ದು ಗಾಡಿ ತೊಳೆಯುತ್ತದೆ. ಅರಿಶಿನ ಕುಂಕುಮ ಇಡುತ್ತೇವೆ, ಬಾಳೆಕಂದು ಕಟ್ಟುತ್ತೇವೆ, ಸೇವಂತಿಗೆ ಹಾರ ಹಾಕುತ್ತೇವೆ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುತ್ತೇವೆ. ಎಲ್ಲಾ ಸರಿ. ಆ ಗಾಡಿಯ ಹೊಟ್ಟೆಯಲ್ಲಿ ಯಾವ ಆಯಿಲ್ ಇದೆ ಅಂತ ಕೇಳಿ ನೋಡಿ. "ಮೆಕ್ಯಾನಿಕ್ ಹಾಕಿದ್ದಾರೆ" ಅನ್ನುತ್ತಾರೆ. ಮೆಕ್ಯಾನಿಕ್ಕನ್ನು ಕೇಳಿ. "ಒಳ್ಳೇದೇ ಹಾಕಿದ್ದೀನಿ ಸಾರ್" ಅನ್ನುತ್ತಾರೆ. ಮುಂದಿನ ಸಾಲಿನವರು ನಗುತ್ತಿದ್ದೀರಿ, ಕೋಪ ಮಾಡಿಕೊಂಡಿಲ್ಲ ಅಂದುಕೊಳ್ಳುತ್ತೇನೆ.

ಈ 'ಒಳ್ಳೇ ಆಯಿಲ್' ಅನ್ನುವ ಮಾತಿನ ಮೇಲೆ ನನಗೆ ಬಹಳ ದಿನದ ಸಿಟ್ಟು. ಚಪ್ಪಲಿ ಅಂಗಡಿಗೆ ಹೋಗಿ "ಒಳ್ಳೇ ಚಪ್ಪಲಿ ಕೊಡಿ" ಅಂದರೆ ಅಂಗಡಿಯವರು ಮೊದಲು ನಿಮ್ಮ ಕಾಲು ನೋಡುತ್ತಾರೆ, ಅಲ್ವಾ? ಆಯಿಲ್ ಅಂಗಡಿಯಲ್ಲಿ ಯಾರೂ ಕಾಲು ನೋಡುವುದಿಲ್ಲ. ನಾವೂ ತೋರಿಸುವುದಿಲ್ಲ. ಡಬ್ಬಿಯ ಮುಂಭಾಗ ನೋಡುತ್ತೇವೆ. ಅಲ್ಲಿ ರೇಸ್ ಬೈಕು ಒಂದು ಕಡೆ ವಾಲಿಕೊಂಡು ಹೋಗುತ್ತಿರುತ್ತದೆ. ಸುತ್ತ ಬೆಂಕಿ ಬೇರೆ. ದಿನಾ ಕುವೆಂಪುನಗರದಿಂದ ಬ್ಯಾಂಕಿಗೆ ಹೋಗಿಬರುವ ಗಾಡಿಗೆ ಆ ಬೆಂಕಿ ಯಾಕೆ? ನಮಗೆ ಬೇಕಾದ ವಿಷಯ ಡಬ್ಬಿಯ ಹಿಂಭಾಗದಲ್ಲಿ ಇರುವೆ ಸಾಲಿನಷ್ಟು ಚಿಕ್ಕ ಅಕ್ಷರದಲ್ಲಿರುತ್ತದೆ. ಇವತ್ತು ನಾನು ಎಷ್ಟು ಸುತ್ತಿದರೂ ಅಲ್ಲಿಗೇ ಬರುತ್ತೇನೆ.

ನನ್ನ ಭಾವಮೈದನ ಕಥೆ ಹೇಳುತ್ತೇನೆ. ಅವನು ಇವತ್ತು ಇಲ್ಲಿಗೆ ಬಂದಿಲ್ಲ. ಯಾಕೆ ಬಂದಿಲ್ಲ ಅಂತ ಕಥೆ ಕೇಳಿದ ಮೇಲೆ ಗೊತ್ತಾಗುತ್ತದೆ. ಅವನ ಕಾರಿಗೆ 4 ಲೀಟರಿನ ಕ್ಯಾನ್ ತಂದಿದ್ದ. ಫುಲ್ಲಿ ಸಿಂಥೆಟಿಕ್, 5ಡಬ್ಲ್ಯೂ-30, ದುಬಾರಿ ಮಾಲು. ಕಾರಿಗೆ 3 ಲೀಟರ್ ಹಿಡಿಸಿತು. ಒಂದು ಲೀಟರ್ ಉಳಿಯಿತು. ಮನೆಯಲ್ಲಿ 150 ಸಿಸಿ ಬೈಕು ಇತ್ತು, ಅದಕ್ಕೂ ಬೇಕಾದದ್ದು ಸುಮಾರು ಒಂದು ಲೀಟರ್. ದೇವರೇ ಅಳೆದು ಕೊಟ್ಟ ಹಾಗಿತ್ತು. "ಭಾವ, ಬೈಕಿಗೂ ಕಾರಿನ ರಾಜಯೋಗ" ಅಂತ ನನಗೆ ಫೋನ್ ಮಾಡಿ ಹೇಳಿದ. ನಾನೂ ಪೂರ್ತಿ ಕೇಳಿಸಿಕೊಳ್ಳದೆ "ಹೂಂ" ಅಂದೆ. ಅದು ನನ್ನ ತಪ್ಪು.

ಎರಡು ವಾರ ಏನೂ ಆಗಲಿಲ್ಲ. ಗಾಡಿ ಬೆಣ್ಣೆಯಂತೆ ಓಡುತ್ತದೆ ಅಂತ ಬೀಗಿದ. ಒಂದು ಭಾನುವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಎಂಜಿನ್ ಗೊಂಯ್ ಅಂತ ಕೂಗತೊಡಗಿತು, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ. ಗೇರ್ ಇಳಿಸಿದ, ಎಕ್ಸಿಲೇಟರ್ ತಿರುಚಿದ. ಕೂಗು ಜಾಸ್ತಿಯಾಯಿತೇ ಹೊರತು ವೇಗ ಬರಲಿಲ್ಲ. ಸುಟ್ಟ ವಾಸನೆ ಬಂತು. ಹೆಂಡತಿ ಇಳಿದರು. "ರೀ, ನೀವು ಗಾಡಿ ಜೊತೆ ನಿಧಾನಕ್ಕೆ ಬನ್ನಿ. ನಾನು ಮೆಟ್ಟಿಲು ಹತ್ತಿ ಹೋಗಿರ್ತೀನಿ" ಅಂದರು. ಹತ್ತಿ ಹೋಗಿಯೂ ಬಿಟ್ಟರು! ದರ್ಶನ ಮುಗಿಸಿ, ಪ್ರಸಾದ ತಂದು, ಕೆಳಗೆ ಗಾಡಿ ಪಕ್ಕ ಕೂತಿದ್ದ ಗಂಡನ ಕೈಗೆ ಕೊಟ್ಟರು. ಆ ಪ್ರಸಾದದ ರುಚಿಯನ್ನು ಅವನು ಇನ್ನೂ ಮರೆತಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮೆಕ್ಯಾನಿಕ್ ನೋಡಿ ಕ್ಲಚ್ ಪ್ಲೇಟ್ ಹೋಗಿದೆ ಅಂದರು. ನಿಜ, ಹೋಗಿತ್ತು. ಹೊಸ ಪ್ಲೇಟ್ ಹಾಕಬೇಕಾದರೆ ಆಯಿಲ್ ಇಳಿಸಬೇಕು. ನಮ್ಮವನು ಏನು ಮಾಡಿದ ಗೊತ್ತಾ? "ಇದಿನ್ನೂ 500 ಕಿಲೋಮೀಟರೂ ಓಡಿಲ್ಲ, ಸೋಸಿ ಅದನ್ನೇ ಹಾಕಿ" ಅಂದ. ಹಳೇ ಪಂಚೆ ತುಂಡು ಕೂಡ ಅವನೇ ಕೊಟ್ಟ. ಸೋಸಿ ಹಾಕಿದರು. ಮುಂದಿನ ತಿಂಗಳು ಮತ್ತೆ ಅದೇ ಗೊಂಯ್. ಆಗ ಕ್ಯಾನ್ ಎತ್ತಿಕೊಂಡು ನನ್ನ ಮನೆಗೆ ಬಂದ. ನಾನು ಅದನ್ನು ತಿರುಗಿಸಿ ಹಿಂಭಾಗ ಓದಿದೆ. ಎಪಿಐ ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅವರ ದುಂಡಗಿನ ಗುಣಮಟ್ಟದ ಮುದ್ರೆಯ ಕೆಳಭಾಗದಲ್ಲಿ 'ರಿಸೋರ್ಸ್ ಕನ್ಸರ್ವಿಂಗ್', ಅಂದರೆ ಇಂಧನ ಉಳಿಸುವ ಆಯಿಲ್, ಅಂತ ಇತ್ತು. ಉತ್ತರ ಅಲ್ಲೇ ಇತ್ತು.

ನಮ್ಮ ಗೇರ್ ಬೈಕಿನಲ್ಲಿ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರೂ ಸಾಮಾನ್ಯವಾಗಿ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನಲ್ಲಿ ಹಾಗಲ್ಲ. ಅಲ್ಲಿ ಗೇರ್ ಬಾಕ್ಸಿಗೆ ಬೇರೆ ಆಯಿಲ್. ಕಾಲಿನಲ್ಲಿ ಒತ್ತುವ ಆ ಕ್ಲಚ್ ಹೆಚ್ಚಾಗಿ ಒಣದು. ಹಾಗಾಗಿ ಕಾರಿನ ಆಯಿಲ್ ಮಾಡುವವರು ಮೈಲೇಜ್ ಸಿಗಲಿ ಅಂತ ಅದರಲ್ಲಿ ಜಾರಿಸುವ ಮದ್ದು ಧಾರಾಳವಾಗಿ ಸೇರಿಸಬಹುದು. ಮಾಲಿಬ್ಡಿನಂ ಅನ್ನುವ ಲೋಹ ಇರುವ ಕೆಲವು ಮದ್ದುಗಳು ಆ ಜಾತಿಯವು. ಕಾರಿಗೆ ಅದು ಒಳ್ಳೆಯದೇ. ಬೈಕಿನ ಕ್ಲಚ್ ಕೆಲಸ ಮಾಡುವುದೇ ಪ್ಲೇಟಿಗೆ ಪ್ಲೇಟ್ ಅಂಟಿ ಹಿಡಿದಾಗ. ನಮ್ಮೂರ ಗರಡಿ ಮನೆಗೆ ಹೋಗಿದ್ದೀರಲ್ಲ? ಪೈಲ್ವಾನರು ಮೈಗೆ ಮಣ್ಣು ಹಾಕಿಕೊಳ್ಳುವುದು ಹಿಡಿತ ಸಿಗಲಿ ಅಂತ. ಇಬ್ಬರಿಗೂ ಹರಳೆಣ್ಣೆ ಬಳಿದು ಅಖಾಡಕ್ಕೆ ಬಿಟ್ಟರೆ ಕುಸ್ತಿ ನಡೆಯುತ್ತದೆಯೇ? ನಮ್ಮ ಭಾವಮೈದ ಮಾಡಿದ್ದು ಅದನ್ನೇ.

"ನಾನು ಕಾರಿನ ಆಯಿಲ್ ಹಾಕಿ ಹತ್ತು ವರ್ಷ ಓಡಿಸಿದ್ದೀನಿ, ಏನೂ ಆಗಿಲ್ಲ" ಅನ್ನುವವರು ಇಲ್ಲೂ ಒಬ್ಬರಾದರೂ ಇರುತ್ತಾರೆ. ಇರಬಹುದು. ಎಲ್ಲಾ ಕಾರ್ ಆಯಿಲಿನಲ್ಲೂ ಆ ಮದ್ದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಆದರೆ ಇದೆಯೋ ಇಲ್ಲವೋ ಅಂತ ಬೆಟ್ಟದ ಮಧ್ಯೆ ಪರೀಕ್ಷೆ ಮಾಡುವುದು ಯಾಕೆ? ಜಪಾನಿನವರಿಗೂ ಇದೇ ತಲೆನೋವು ಬಂದಿತ್ತು. ಕಾರಿನ ಆಯಿಲ್‌ಗಳು ಇಂಧನ ಉಳಿತಾಯದ ಕಡೆ ಹೊರಳಿದ ಮೇಲೆ ಅವರು 1998ರಲ್ಲಿ ಬೈಕಿಗೇ ಅಂತ ಬೇರೆ ಗುಣಮಟ್ಟ ಮಾಡಿದರು. ಅದೇ ಜಾಸೊ. ಎಂಎ ಅಂದರೆ ಕ್ಲಚ್ ಹಿಡಿಯುವ ಆಯಿಲ್, ಎಂಎ2 ಅಂದರೆ ಇನ್ನೂ ಬಿಗಿಯಾಗಿ ಹಿಡಿಯುವುದು. ಎಂಬಿ ಅಂದರೆ ಜಾರುವುದು. ಗೇರ್ ಬೈಕಿಗೆ ಎಂಎ ಅಥವಾ ಎಂಎ2. ಆಕ್ಟಿವಾದಂಥ ಗೇರಿಲ್ಲದ ಸ್ಕೂಟರಿಗೆ ಎಂಬಿ. ಅದರ ಕ್ಲಚ್ ಒಣದು, ಹಿಂದಿನ ಚಕ್ರದ ಹತ್ತಿರ ಬೇರೆಯೇ ಇದೆ, ಎಂಜಿನ್ ಆಯಿಲ್ ಅದನ್ನು ಮುಟ್ಟುವುದಿಲ್ಲ. ಸ್ಕೂಟರಿಗೆ ಎಂಎ ಹಾಕಿದರೆ ಮೈಲೇಜ್ ಒಂಚೂರು ಹೋದೀತು, ಅಷ್ಟೇ. ಬೈಕಿಗೆ ಎಂಬಿ ಹಾಕಿದರೆ ಪ್ರಸಾದ ಕೆಳಗೇ ಬರುತ್ತದೆ. ಈ ಎರಡು ಅಕ್ಷರ ಎಲ್ಲಿ ಬರೆದಿರುತ್ತದೆ? ಜೋರಾಗಿ ಹೇಳಿ. ಹಾಂ, ಹಿಂಭಾಗದಲ್ಲಿ.

ಇನ್ನು ಅಂಕಿಗಳು. 10ಡಬ್ಲ್ಯೂ-30, 20ಡಬ್ಲ್ಯೂ-50. ಡಬ್ಲ್ಯೂ ಅಂದರೆ ತೂಕ ಅಂತ ಬಹಳ ಜನ ತಿಳಿದಿದ್ದಾರೆ. ಅದು ಚಳಿಗಾಲದ ಅಕ್ಷರ, ವಿಂಟರ್. ಮೊದಲನೆಯ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ. ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಉಳಿದಿರುತ್ತದೆ ಅಂತ. 20ಡಬ್ಲ್ಯೂ ಆಯಿಲಿನ ಚಳಿ ಪರೀಕ್ಷೆ ನಡೆಯುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಮಡಿಕೇರಿಯ ಡಿಸೆಂಬರಿನಲ್ಲೂ ಅಂಥ ಚಳಿ ಬರಲ್ಲ. "ಹಾಗಾದರೆ ಎಲ್ಲಾ ಗಾಡಿಗೂ 20-50 ಹಾಕಿಬಿಡೋಣ, ನಮ್ಮದು ಬಿಸಿಲು ಸೀಮೆ" ಅನ್ನುತ್ತಾರೆ ಮೆಕ್ಯಾನಿಕ್ ಮಿತ್ರರು. ಅಲ್ಲೇ ನನ್ನ ಜಗಳ. ರಾಯಚೂರಿನ ಬಿಸಿಲಿನಲ್ಲಿ ಓಡುವ ಸ್ಪ್ಲೆಂಡರಿಗೂ ಕಂಪನಿ ಬರೆದಿರುವುದು 10ಡಬ್ಲ್ಯೂ-30 ಅಂತಲೇ. ಒಳಗಿನ ಸಂದುಗಳನ್ನು, ಆಯಿಲ್ ಪಂಪನ್ನು ಆ ತೆಳು ಆಯಿಲಿಗೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. ದಪ್ಪ ಆಯಿಲ್ ಬೆಳಿಗ್ಗೆ ಎಂಜಿನ್ ತಲೆಯಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಮುಟ್ಟಲು ತಡ ಮಾಡುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಸುತ್ತದೆ. ಅದೇ 350 ಬುಲೆಟ್ಟಿಗೆ 15ಡಬ್ಲ್ಯೂ-50 ಬೇಕು. ಅದರ ಲೆಕ್ಕ ಬೇರೆ.

ಬೆರಳಿನಲ್ಲಿ ಉಜ್ಜಿ "ಆಯಿಲ್ ನೀರಾಗಿದೆ ಸಾರ್" ಅನ್ನುವುದೂ ಉಂಟು. ಈಗತಾನೆ ಸೀಲ್ ಒಡೆದ 10ಡಬ್ಲ್ಯೂ-30ಯನ್ನು ಉಜ್ಜಿ ನೋಡಿ, ಅದೂ ನೀರೇ. ಬೆರಳಿಗೆ 100 ಡಿಗ್ರಿಯ ಲೆಕ್ಕ ಗೊತ್ತಿಲ್ಲ. ಆಯಿಲ್ ತೆಳುವಾಗುವುದು ಸುಳ್ಳಲ್ಲ. ಬಿಸಿಗೆ ತೀರಾ ತೆಳುವಾಗದಂತೆ ಅದರಲ್ಲಿ ಉದ್ದುದ್ದ ಪಾಲಿಮರ್ ಎಳೆಗಳನ್ನು ಸೇರಿಸಿರುತ್ತಾರೆ. ಬೈಕಿನ ಗೇರ್ ಹಲ್ಲುಗಳು ಆ ಎಳೆಗಳನ್ನು ಕತ್ತರಿಸುತ್ತಾ ಹೋಗುತ್ತವೆ. ಹೊಸದರಲ್ಲಿ 50 ಇದ್ದದ್ದು ಬರಬರುತ್ತಾ 40ರ ಹತ್ತಿರ ಇಳಿಯಬಹುದು. ಅದಕ್ಕೇ ಕಂಪನಿ ಹೇಳಿದ ಕಿಲೋಮೀಟರಿಗೆ ಬದಲಾಯಿಸಬೇಕು. ಕಪ್ಪಾಗಿದೆ ಅಂತ ಮಾತ್ರ ಹೆದರಬೇಡಿ. ಮಸಿಯನ್ನು ಎತ್ತಿ ಹಿಡಿದುಕೊಳ್ಳುವುದೂ ಆಯಿಲಿನ ಕೆಲಸವೇ.

ಹಿಂದಿನ ಸಾಲಿನಲ್ಲಿ ಯೆಜ್ಡಿ ಕ್ಯಾಪ್ ಹಾಕಿಕೊಂಡವರು ಕಾಣುತ್ತಿದ್ದಾರೆ. ಯೆಜ್ಡಿ ಬೈಕು ಮಾಡುತ್ತಿದ್ದ ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆ ಟೂ ಸ್ಟ್ರೋಕ್ ಗಾಡಿಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದೆವು. ಜಾಸ್ತಿಯಾದರೆ ನೀಲಿ ಹೊಗೆ, ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಕಮ್ಮಿಯಾದರೆ ಪಿಸ್ಟನ್ ಸೀಜ್, ಅಂದರೆ ಬಿಸಿಗೆ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ಕ್ಲಚ್ ಮತ್ತು ಗೇರ್ ಬಾಕ್ಸಿಗೆ ಬೇರೆ ಆಯಿಲ್. ಒಂದರ ತಪ್ಪು ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಆ ಹಳೇ ರೂಢಿಯಲ್ಲೇ ಇವತ್ತಿನ ಗಾಡಿಯನ್ನೂ ನೋಡುತ್ತೇವೆ. ಯೆಜ್ಡಿ ಬಗ್ಗೆ ಶುರು ಮಾಡಿದರೆ ರಾತ್ರಿ ಊಟ ಇಲ್ಲೇ ಆಗುತ್ತದೆ. ಅದಕ್ಕೇ ಇರಬೇಕು, ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತ ಬರೆದಿದ್ದಾರೆ.

ಸರಿ, ಓಡಿಸುತ್ತೇನೆ. ಸಿಂಥೆಟಿಕ್ಕೋ ಮಿನರಲ್ಲೋ, ಅಂದರೆ ಕಚ್ಚಾ ತೈಲ ಶುದ್ಧಿ ಮಾಡಿ ತೆಗೆದ ಮಾಮೂಲಿ ಆಯಿಲ್ಲೋ? ಸಿಂಥೆಟಿಕ್ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ನಿಜ. ಕಂಪನಿ ಮಿನರಲ್ ಸಾಕು ಅಂದಿರುವ 100 ಸಿಸಿ ಗಾಡಿಯಲ್ಲಿ ದಿನಕ್ಕೆ ಹತ್ತು ಕಿಲೋಮೀಟರ್ ಓಡುವವರು ಆ ಹೆಚ್ಚಿನ ದುಡ್ಡನ್ನು ಬ್ರೇಕ್ ಶೂಗೆ ಹಾಕಿ. ಎಪಿಐ ದರ್ಜೆಯಲ್ಲಿ ಕಂಪನಿ ಎಸ್‌ಎಲ್ ಕೇಳಿದ್ದರೆ ಎಸ್‌ಎಂ, ಎಸ್‌ಎನ್ ನಡೆಯುತ್ತದೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸದು. ಜೊತೆಗೆ ಜಾಸೊ ಇರಲೇಬೇಕು. ಆಯಿಲ್ ಮಟ್ಟ ನೋಡುವಾಗ ಗಾಡಿ ಸೆಂಟರ್ ಸ್ಟ್ಯಾಂಡಿನಲ್ಲಿರಲಿ, ಎಂಜಿನ್ ನಿಲ್ಲಿಸಿ ಎರಡು ಮೂರು ನಿಮಿಷ ಬಿಡಿ. ಬಹಳ ಗಾಡಿಗಳಲ್ಲಿ ಅಳತೆ ಕಡ್ಡಿಯನ್ನು ಸುಮ್ನೆ ಇಳಿಸಿ ನೋಡಬೇಕು, ತಿರುಪಬಾರದು. ಮೇಲಿನ ಗೆರೆ ದಾಟಿಸಬೇಡಿ. ಜಾಸ್ತಿ ಹಾಕಿದರೆ ಏರ್ ಫಿಲ್ಟರಿಗೆ ಉಗುಳುತ್ತದೆ. ಆಯಿಲ್ ಇಳಿಸುವ ಡ್ರೇನ್ ಬೋಲ್ಟನ್ನು ಸೇಡು ತೀರಿಸಿಕೊಳ್ಳುವವರ ಹಾಗೆ ಬಿಗಿಯಬೇಡಿ, ಥ್ರೆಡ್ ಹೋದರೆ ಆಯಿಲಿಗಿಂತ ದುಬಾರಿ. ಖಾಲಿ ಡಬ್ಬಿಗೆ ತೂತು ಹೊಡೆದೇ ಗುಜರಿಗೆ ಹಾಕಿ. ಇಲ್ಲದಿದ್ದರೆ ಅದೇ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ವಾಪಸ್ ಬಂದೀತು. ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಗ್ಯಾರೇಜಿನ ಡ್ರಮ್ಮಿಗೆ ಕೊಡಿ. ಡೀಸೆಲ್ ಆಯಿಲ್ ಬಗ್ಗೆಯೂ ಹೇಳಬೇಕಿತ್ತು, ಬಿಡಿ.

ಮೈಕ್ ಆಫ್ ಮಾಡುವ ಮೊದಲು ಒಂದು ಕೆಲಸ. ಬಾಗಿಲ ಹತ್ತಿರ ಮೇಜಿನ ಮೇಲೆ ಏಳು ಡಬ್ಬಿ ಇಟ್ಟಿದ್ದೇನೆ. ಏಳರ ಮುಂಭಾಗದಲ್ಲೂ ಚೆಂದದ ಚಿತ್ರ ಇದೆ. ಅದರಲ್ಲಿ ಎರಡು ಡಬ್ಬಿ ಗೇರ್ ಬೈಕಿಗೆ ಆಗುವುದಿಲ್ಲ. ಕಾಫಿ ಹಿಡಿದುಕೊಂಡು ಹೋಗಿ ಯಾವುದು ಅಂತ ಹುಡುಕಿ. ಕನ್ನಡಕ ಮರೆತವರಿಗೆ ಪಕ್ಕದಲ್ಲೇ ಭೂತಗನ್ನಡಿ ಇದೆ. ಒಂದು ಡಬ್ಬಿ ನಮ್ಮ ಭಾವಮೈದನದು, ತಳದಲ್ಲಿ ಸ್ವಲ್ಪ ಉಳಿದಿದೆ. ಯಾರೂ ಮನೆಗೆ ಒಯ್ಯಬೇಡಿ.