ಮುಂದಿನ ವಾರದ ಶಿಫ್ಟ್ ಯಾವಾಗ ಗೊತ್ತಾಗುತ್ತೆ?

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆಯಿಂದ ಅಂಗಡಿ ನಡೆಸುವವರ ಈ ಸಭೆಯಲ್ಲಿ ಒಂದೇ ದೂರು ಕೇಳುತ್ತಿದ್ದೇನೆ. 'ಈಗಿನ ಹುಡುಗರು ನಿಲ್ಲೋದಿಲ್ಲ.' ಟ್ರೈನಿಂಗ್ ಕೊಡ್ತೀವಿ, ಯೂನಿಫಾರ್ಮ್ ಕೊಡ್ತೀವಿ, ಕೆಲಸ ಕೈಗೆ ಹತ್ತುವಷ್ಟರಲ್ಲಿ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಹೋಗಿಬಿಡ್ತಾರೆ ಅಂತ. ನಿಮ್ಮ ಕಷ್ಟ ನಿಜವೇ. ಆದರೆ ಯಾಕೆ ಹೋದಿರಿ ಅಂತ ಹೋದವರನ್ನೇ ಕೇಳಿದವರು ಇಲ್ಲಿ ಎಷ್ಟು ಜನ? ಕೈ ಎತ್ತಿ ನೋಡೋಣ. ಹಿಂದಿನ ಸಾಲಿನಲ್ಲಿ ಒಂದೆರಡು ಕಾಣುತ್ತಿವೆ. ನಾನೇನು ಹೇಳಲು ಹೊರಟಿದ್ದೇನೆ ಅಂತ ಅವರಿಗೆ ಆಗಲೇ ಗೊತ್ತಾಗಿದೆ.

ಸಂಬಳ ಸಾಲದೆ ಹೋಗುವವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಮಾತಾಡಿಸಿದವರಲ್ಲಿ ಜಾಸ್ತಿ ಜನ ಬೇಸರ ಮಾಡಿಕೊಂಡಿದ್ದು ಶಿಫ್ಟ್ ಪಟ್ಟಿಯ ಬಗ್ಗೆ.

ಒಂದು ಬಟ್ಟೆ ಅಂಗಡಿ. ಹೆಸರು ಬೇಡ. ಅಲ್ಲಿ ಮಕ್ಕಳ ಸೆಕ್ಷನ್‌ನಲ್ಲಿ ಒಬ್ಬ ಹುಡುಗಿ ಇದ್ದಳು. ಕೆಲಸ ಮಾಡುತ್ತಲೇ ಡಿಗ್ರಿ ಓದುತ್ತಿದ್ದಳು. ಅವಳು ಗಿರಾಕಿಗಳ ಜೊತೆ ಮಾತಾಡುವುದನ್ನು ನಿಂತು ನೋಡಬೇಕಿತ್ತು ನೀವು. ಒಬ್ಬ ತಾಯಿ ಬಂದರು. ಮಗು ಜೊತೆಗಿಲ್ಲ, ಸೈಜ್ ಗೊತ್ತಿಲ್ಲ. ಈ ಹುಡುಗಿ ವಯಸ್ಸು ಕೇಳಲಿಲ್ಲ. 'ಅಕ್ಕಾ, ಈಗ ಹಾಕೋ ಅಂಗಿ ತೋಳು ಗಿಡ್ಡ ಆಗಿದೆಯಾ, ಹೊಟ್ಟೆ ಹತ್ತಿರ ಬಿಗಿ ಆಗಿದೆಯಾ?' ಅಂದಳು. ಉತ್ತರ ಕೇಳಿ ಒಂದೇ ಒಂದು ಅಂಗಿ ತೆಗೆದಳು. ಆ ತಾಯಿ ಅದೇ ಅಳತೆಯಲ್ಲಿ ಇನ್ನೆರಡು ಕೇಳಿ ಪಡೆದರು. ಎಲ್ಲಿ ಕಲಿತೆಯಮ್ಮಾ ಅಂದೆ. 'ಬದಲಾಯಿಸೋಕೆ ವಾಪಸ್ ಬರುತ್ತಲ್ಲ ಸರ್, ಆ ಬಟ್ಟೆ ನೋಡಿ ನೋಡಿ ಕಲಿತೆ' ಅಂದಳು. ಇದನ್ನು ಯಾವ ಟ್ರೈನಿಂಗ್‌ನಲ್ಲಿ ಹೇಳಿಕೊಡುತ್ತೀರಿ?

ಆ ಅಂಗಡಿಯಲ್ಲಿ ವಾರದ ಶಿಫ್ಟ್ ಪಟ್ಟಿ ಭಾನುವಾರ ರಾತ್ರಿ ವಾಟ್ಸಾಪ್ ಗ್ರೂಪಿಗೆ ಬೀಳುತ್ತಿತ್ತು. ಸೋಮವಾರ ಬೆಳಿಗ್ಗೆಯೇ ಡ್ಯೂಟಿ ಇದ್ದರೂ ಅಷ್ಟೇ. ಇವಳು ಪರೀಕ್ಷೆಗೆ ಒಂದು ತಿಂಗಳ ಮೊದಲೇ ರಜೆ ಚೀಟಿ ಕೊಟ್ಟಿದ್ದಳು. ಸೂಪರ್‌ವೈಸರ್ 'ನೋಡೋಣ' ಅಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಪಟ್ಟಿ ಬಂತು. ಬೆಳಗಿನ ಶಿಫ್ಟ್‌ನಲ್ಲಿ ಅವಳ ಹೆಸರು! ಅವಳು ಪರೀಕ್ಷೆಗೆ ಹೋದಳು. ಅಂಗಡಿಗೆ ಮತ್ತೆ ಬರಲೇ ಇಲ್ಲ. 'ಹೇಳದೆ ಕೇಳದೆ ಕೆಲಸ ಬಿಟ್ಟಳು' ಅಂತ ಬರೆದುಕೊಂಡರು. ತಿಂಗಳ ಮೊದಲೇ ಹೇಳಿದ್ದಳಲ್ಲ ಸ್ವಾಮಿ!

ಗಿರಾಕಿ ಯಾವಾಗ ಬರ್ತಾರೆ ಅಂತ ನಮಗೇ ಗೊತ್ತಿಲ್ಲ, ಪಟ್ಟಿ ಮೊದಲೇ ಹೇಗೆ ಮಾಡೋದು ಅನ್ನುತ್ತೀರಿ. ಅಮೆರಿಕದ ಗ್ಯಾಪ್ ಅನ್ನೋ ಬಟ್ಟೆ ಕಂಪನಿಯವರೂ ಇದನ್ನೇ ಕೇಳಿರಬಹುದು. ಸಂಶೋಧಕರು ಆ ಕಂಪನಿಯ 28 ಅಂಗಡಿಗಳಲ್ಲಿ ಪ್ರಯೋಗ ಮಾಡಿ 2018ರಲ್ಲಿ ವರದಿ ಕೊಟ್ಟರು. ಎಲ್ಲ ಕಡೆ ಎರಡು ವಾರ ಮೊದಲೇ ಪಟ್ಟಿ ಕೊಟ್ಟರು. ಕೆಲವು ಅಂಗಡಿಗಳಲ್ಲಿ ಇನ್ನೂ ಮುಂದೆ ಹೋದರು. ಶಿಫ್ಟ್ ವೇಳೆ ದಿನಕ್ಕೊಂದು ಆಗದಂತೆ ನೋಡಿಕೊಂಡರು. ಕೆಲಸಗಾರರು ತಮ್ಮತಮ್ಮಲ್ಲೇ ಶಿಫ್ಟ್ ಬದಲಿಸಿಕೊಳ್ಳಲು ಫೋನ್ ಆಪ್ ಕೊಟ್ಟರು. ಹೀಗೆ ಮಾಡಿದ ಅಂಗಡಿಗಳಲ್ಲಿ ಮಾರಾಟ ಶೇ 7ರಷ್ಟು ಏರಿತು. ಇನ್ನೊಂದು ಸಂಗತಿಯೂ ಹೊರಬಿತ್ತು. ಶಿಫ್ಟ್ ಏರುಪೇರಾಗಲು ಗಿರಾಕಿಗಳಷ್ಟೇ ಕಾರಣ ಆಗಿರಲಿಲ್ಲ. ಮಾಲು ಬರುವ ದಿನ ತಪ್ಪುವುದು, ಕೊನೇ ಗಳಿಗೆಯಲ್ಲಿ ಆಫರ್ ಬದಲಾಗುವುದು, ದೊಡ್ಡ ಸಾಹೇಬರು ದಿಢೀರ್ ಅಂತ ಅಂಗಡಿ ನೋಡಲು ಬರುವುದು, ಇವೂ ಸೇರಿದ್ದವು. ನಗಬೇಡಿ, ನಿಮ್ಮಲ್ಲೂ ಹೀಗೇ ಆಗುತ್ತೆ ಅಲ್ವಾ? ಅಮೆರಿಕದ ಒರೆಗಾನ್ ರಾಜ್ಯ 2017ರಲ್ಲಿ ದೊಡ್ಡ ಕಂಪನಿಗಳು ಪಟ್ಟಿ ಮೊದಲೇ ಕೊಡಬೇಕು ಅಂತ ಕಾನೂನೇ ಮಾಡಿತು. ಇಲ್ಲೂ ಕಾನೂನು ಬರುವವರೆಗೆ ಕಾಯುವುದೇಕೆ? ಪಟ್ಟಿ ಮೊದಲೇ ಕೊಡಿ.

ಇನ್ನು ಕುರ್ಚಿಯ ಮಾತು. ಬ್ರಿಟನ್ 1899ರಲ್ಲೇ ಅಂಗಡಿ ಕೆಲಸದ ಪ್ರತಿ ಮೂವರು ಹೆಣ್ಣುಮಕ್ಕಳಿಗೆ ಒಂದಾದರೂ ಆಸನ ಇರಬೇಕು ಅಂತ ಕಾನೂನು ತಂದಿತು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಟ್ಟವು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಮ್ನೆ ನಿಲ್ಲಿಸಿದರೆ ಯಾರಿಗೆ ಲಾಭ? ಸಂಜೆ ಜನ ತುಂಬುವ ಹೊತ್ತಿಗೆ ಕಾಲು ಊದಿರುತ್ತೆ, ಮುಖದಲ್ಲಿ ನಗು ಎಲ್ಲಿಂದ ಬರಬೇಕು?

ಚೀಟಿ ಬಂತು, ಐದೇ ನಿಮಿಷ ಅಂತೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊಸಬರನ್ನು ಮೊದಲ ವಾರ ಒಬ್ಬ ಹಳಬರ ಜೊತೆ ಬಿಡಿ. ಊಟದ ಡಬ್ಬಿ ಎಲ್ಲಿಡಬೇಕು ಅನ್ನುವುದನ್ನೂ ಅವರೇ ತೋರಿಸಲಿ. ಟಾರ್ಗೆಟ್ ಮೊದಲ ದಿನವೇ ತಲೆ ಮೇಲೆ ಹೇರಬೇಡಿ. ಸೂಪರ್‌ವೈಸರ್ ಆಗಲು ಏನೇನು ಕಲಿಯಬೇಕು ಅಂತ ಬರೆದು ಹಾಕಿ.

ಹೊಸಬರನ್ನು ಕರೆಯುವ ಜಾಹೀರಾತಿನಲ್ಲಿ 'ಆಕರ್ಷಕ ಸಂಬಳ' ಅಂತ ಬರೆಯುವ ಬದಲು ಸಂಬಳ ಎಷ್ಟು, ವಾರದ ರಜೆ ಯಾವತ್ತು, ಶಿಫ್ಟ್ ಎಷ್ಟು ಗಂಟೆಗೆ ಮುಗಿಯುತ್ತೆ ಅಂತ ಬರೆಯಿರಿ. ಪಟ್ಟಿ ಎಷ್ಟು ದಿನ ಮೊದಲು ಸಿಗುತ್ತೆ ಅಂತಲೂ ಸೇರಿಸಿ. ಬರೆದ ಮೇಲೆ ಹಾಗೇ ನಡೆದುಕೊಳ್ಳಿ. ಪ್ರಶ್ನೆ ಇದ್ದವರು ಈಗ ಕೇಳಬಹುದು. ಕೈ ಎತ್ತಿದ್ದವರಿಗೆ ಮೊದಲು ಮೈಕ್ ಕೊಡಿ.