ಥಿನ್ನರ್ ಕ್ಯಾನಿನಲ್ಲಿ ಏನಿದೆ?

ಎಲ್ಲರಿಗೂ ನಮಸ್ಕಾರ.

ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು, ಸೂಪರ್‌ವೈಸರ್‌ಗಳು, ಕೆಲಸಗಾರರು ಒಟ್ಟಿಗೇ ಕೂತಿದ್ದೀರಿ. ಇಂಥ ಸಭೆ ಸಿಗುವುದು ಕಡಿಮೆ, ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಪೇಂಟಿಂಗ್ ಬೂತಿನ ಪಕ್ಕ, ಸ್ಕ್ರೀನ್ ಪ್ರಿಂಟಿಂಗ್ ಮೇಜಿನ ಕೆಳಗೆ, ಬಿಡಿಭಾಗಗಳ ಎಣ್ಣೆ ಜಿಡ್ಡು ತೆಗೆಯುವ ಜಾಗದಲ್ಲಿ ಒಂದು ಕ್ಯಾನ್ ಇದ್ದೇ ಇರುತ್ತದೆ. ಮೇಲೆ ಮಾರ್ಕರ್‌ನಲ್ಲಿ ‘ಎನ್‌ಸಿ ಥಿನ್ನರ್’ (ನೈಟ್ರೋಸೆಲ್ಯುಲೋಸ್ ಬಣ್ಣ ತೆಳುವಾಗಿಸುವ ದ್ರವ) ಅಂತ ಬರೆದಿದ್ದರೆ ಪುಣ್ಯ. ಒಳಗೆ ಏನಿದೆ ಅಂತ ಕೇಳಿದರೆ ‘ಅಂಗಡಿಯವರು ಕೊಟ್ಟಿದ್ದು ಸಾರ್’ ಅನ್ನುತ್ತಾರೆ. ನನ್ನ ತಕರಾರೆಲ್ಲ ಆ ಉತ್ತರದ ಮೇಲೆ.

ಟೊಲುಯೀನ್, ಕ್ಸೈಲೀನ್, ಅಸಿಟೋನ್, ಹೆಕ್ಸೇನ್, ಮೆಥನಾಲ್ — ಇವೆಲ್ಲ ದ್ರಾವಕಗಳೇ, ಜಿಡ್ಡು ಬಿಡಿಸುತ್ತವೆ, ಬೇಗ ಆರುತ್ತವೆ. ಆದರೆ ದೇಹಕ್ಕೆ ಮಾಡುವ ಹಾನಿ ಒಂದೊಂದರದು ಒಂದೊಂದು ಥರ. ಒಂದು ಸಿಗಲಿಲ್ಲ, ಇನ್ನೊಂದು ಅಗ್ಗ ಅಂತ ಬದಲಾಯಿಸಿಕೊಳ್ಳುವಾಗಲೇ ದೊಡ್ಡ ಅನಾಹುತಗಳು ಆಗಿವೆ.

ಜಪಾನಿನ ಒಸಾಕಾದ ವಿಷಯ ಹೇಳುತ್ತೇನೆ. ಅಲ್ಲೊಂದು ಸಣ್ಣ ಆಫ್‌ಸೆಟ್ ಮುದ್ರಣಾಲಯ, ಪ್ರೂಫ್ ತೆಗೆಯುವುದೇ ಕೆಲಸ. ಪ್ರೂಫ್ ಅಂದಮೇಲೆ ನಾಲ್ಕಾರು ಹಾಳೆ ಹೊಡೆದು ಇಂಕ್ ಬದಲಿಸಬೇಕು. ಪ್ರತಿ ಸಲವೂ ಬಟ್ಟೆಗೆ ದ್ರಾವಕ ಸುರಿದು, ಇಂಕನ್ನು ಹಾಳೆಗೆ ದಾಟಿಸುವ ರಬ್ಬರ್ ಬ್ಲಾಂಕೆಟ್ ಒರೆಸಬೇಕು. ದಿನವಿಡೀ ಇದೇ ಕೆಲಸ, ಅದೂ ಒಳಗಿನ ಗಾಳಿಯನ್ನೇ ಮತ್ತೆ ಒಳಗೆ ತಿರುಗಿಸುವ ಕೋಣೆಯಲ್ಲಿ. ಅಲ್ಲಿ ದುಡಿದ 17 ಮಂದಿಗೆ ಪಿತ್ತನಾಳದ ಕ್ಯಾನ್ಸರ್ ಬಂತು. ಸಾಮಾನ್ಯವಾಗಿ ವಯಸ್ಸಾದವರಿಗೆ ಬರುವ, ತೀರಾ ಅಪರೂಪದ ಕಾಯಿಲೆ; ಇವರೋ ಇಪ್ಪತ್ತೈದರಿಂದ ನಲವತ್ತೈದರ ಒಳಗಿನವರು. 2012ರಲ್ಲಿ ಸಂಗತಿ ಹೊರಬಿದ್ದಾಗ ಬೆರಳು ಹೋಗಿದ್ದು 1,2-ಡೈಕ್ಲೋರೋಪ್ರೊಪೇನ್ ಎಂಬ ದ್ರಾವಕದ ಕಡೆಗೆ. ಸಾವಯವ ದ್ರಾವಕಗಳ ಬಗ್ಗೆ ಜಪಾನಿನಲ್ಲಿ ಬಿಗಿಯಾದ ನಿಯಮಗಳಿದ್ದವು, ಆದರೆ ಆ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ! ಪಟ್ಟಿಯಲ್ಲಿಲ್ಲ ಅಂದರೆ ಅಪಾಯವಿಲ್ಲ ಅಂತ ಓದಿಕೊಳ್ಳುವುದು ನಮಗೂ ಅಭ್ಯಾಸ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಇನ್ನೊಂದು ದಕ್ಷಿಣ ಕೊರಿಯಾದ್ದು. 2015–16ರಲ್ಲಿ ಮೊಬೈಲ್ ಬಿಡಿಭಾಗ ಮಾಡುವ ಸಬ್‌ಕಾಂಟ್ರಾಕ್ಟ್ ಘಟಕಗಳಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ) ಯಂತ್ರಗಳ ಮುಂದೆ ನಿಂತಿದ್ದ ಹುಡುಗ ಹುಡುಗಿಯರು ಕಣ್ಣು ಕಳೆದುಕೊಂಡರು. ಎಥನಾಲ್ ಬಳಸಬೇಕಾದ ಕಡೆ ಅಗ್ಗವೆಂದು ಮೆಥನಾಲ್ ತಂದಿದ್ದರು, ಅಷ್ಟೇ. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ ಎಂದು ಕಳ್ಳಭಟ್ಟಿ ದುರಂತಗಳಿಂದ ನಮಗೆಲ್ಲ ಗೊತ್ತು. ಉಸಿರಿನಿಂದಲೂ ಚರ್ಮದಿಂದಲೂ ಅದು ಒಳಗೆ ಹೋಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

‘ನಮ್ಮಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಎನ್ನುತ್ತೀರಿ. ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಟೊಲುಯೀನ್ ಪೂರ್ತಿ ಆರಿದರೆ ಸುಮಾರು 230 ಲೀಟರ್ ಆವಿ ಆಗುತ್ತದೆ. ನಮ್ಮ ಹಳೆಯ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಇದಕ್ಕೆ ಇದ್ದ ಎಂಟು ಗಂಟೆಯ ಸರಾಸರಿ ಮಿತಿ 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು. ಆ ಮಟ್ಟಕ್ಕೆ ತೆಳುವಾಗಿಸಲು 2,300 ಘನ ಮೀಟರ್ ಗಾಳಿ ಬೇಕು. 20 ಅಡಿ ಅಗಲ, 30 ಅಡಿ ಉದ್ದ, 12 ಅಡಿ ಎತ್ತರದ ಶೆಡ್ಡಿನಲ್ಲಿ ಇರುವುದು ಸುಮಾರು 200. ಒಂದೇ ಒಂದು ಲೀಟರಿಗೆ ಅಂಥ ಹನ್ನೊಂದು ಶೆಡ್ಡುಗಳ ಗಾಳಿ! ಅಮೆರಿಕದ ಕೈಗಾರಿಕಾ ನೈರ್ಮಲ್ಯ ತಜ್ಞರ ಸಂಘ ಸೂಚಿಸುವ ಮಿತಿಯಂತೂ 20 ಪಿಪಿಎಂ. ಅದನ್ನು ಒಪ್ಪಿದರೆ ಈ ಲೆಕ್ಕ ಐದು ಪಟ್ಟಾಗುತ್ತದೆ.

ಫ್ಯಾನ್ ಇರುವುದು ಮೇಲೆ, ಸೂರಿನ ಹತ್ತಿರ. ಟೊಲುಯೀನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಜಿಡ್ಡು ತೊಳೆಯುವ ತೊಟ್ಟಿಯ ಅಂಚಿನಿಂದ ಇಳಿದು ನೆಲದ ಮಟ್ಟದಲ್ಲಿ ಹರಡುತ್ತದೆ. ಮೇಲಿನ ಫ್ಯಾನ್ ಅದನ್ನು ಎಳೆದರೂ ಬಗ್ಗಿ ಕೆಲಸ ಮಾಡುವವನ ಮುಖದ ಮುಂದಿನಿಂದಲೇ ಎಳೆಯುತ್ತದೆ. ತೊಟ್ಟಿಯ ಹಿಂದಿನ ಅಂಚಿಗೇ ಒಂದು ಉದ್ದನೆಯ ಸೀಳುಬಾಯಿ ಕೊಟ್ಟು, ಡಕ್ಟ್ ಹಾಕಿ ಹೊರಗೆ ಬಿಡಿ. ಬೆಂಕಿಯ ಅಪಾಯ ಇರುವುದರಿಂದ ಮೋಟಾರು ಕಿಡಿ ಹಾರದಂಥದ್ದು ಇರಲಿ. ಅದಕ್ಕೂ ಮೊದಲು ತೊಟ್ಟಿಗೆ ಮುಚ್ಚಳ ಹಾಕಿ, ಒದ್ದೆ ಬಟ್ಟೆಗೆ ಮುಚ್ಚಳವಿರುವ ಡಬ್ಬ ಇಡಿ. ಹಾರಿಹೋಗುತ್ತಿರುವುದು ನೀವು ದುಡ್ಡು ಕೊಟ್ಟು ತಂದ ಥಿನ್ನರ್ ತಾನೇ? ಮಾಲೀಕರಿಗೆ ಆರೋಗ್ಯದ ಮಾತಿಗಿಂತ ಈ ಮಾತು ಬೇಗ ತಲುಪುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಬಟ್ಟೆಯ ಮಾಸ್ಕ್, ಎನ್-95 ಎರಡೂ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವುದೇ ಬೇಕು, ಅದನ್ನೂ ಕಾಲಕಾಲಕ್ಕೆ ಬದಲಿಸಬೇಕು. ತೆಳು ನೈಟ್ರೈಲ್ ಗ್ಲೌಸ್ ಹಾಕಿದರೆ ಟೊಲುಯೀನ್, ಅಸಿಟೋನ್ ನಿಮಿಷಗಳಲ್ಲೇ ಒಳಗೆ ನುಗ್ಗುತ್ತವೆ. ಇನ್ನು ಹಾಲು, ಬೆಲ್ಲ, ಬಾಳೆಹಣ್ಣು: ಕೊಡಿ, ಹೊಟ್ಟೆಗೆ ಒಳ್ಳೆಯದೇ. ರಕ್ತಕ್ಕೆ ಸೇರಿದ ದ್ರಾವಕವನ್ನು ಅವು ಹೊರಹಾಕುತ್ತವೆ ಎಂದು ಮಾತ್ರ ನಂಬಬೇಡಿ. ಸಂಜೆ ಥಿನ್ನರಿನಲ್ಲೇ ಕೈ ತೊಳೆದು ಊಟಕ್ಕೆ ಕೂರುವ ಅಭ್ಯಾಸ ಬಿಡಿಸಿದರೆ ಹಾಲಿಗಿಂತ ಹೆಚ್ಚು ಉಪಯೋಗ.

ಕೆಲಸಗಾರರಿಗೆ ಒಂದು ಮಾತು. ಅಂಟು ಹಚ್ಚುವ ಕೆಲಸದಲ್ಲಿರುವವರು ಕಾಲಿನ ಕಡೆ ಗಮನ ಇಡಿ. ಬೆರಳು ಜೋಮು ಹಿಡಿಯುವುದು, ನಡೆಯುವಾಗ ಚಪ್ಪಲಿ ಜಾರಿ ಹೋದದ್ದೇ ಗೊತ್ತಾಗದಿರುವುದು, ಮೆಟ್ಟಿಲು ಹತ್ತುವಾಗ ಪಾದ ಎಡವುವುದು — ಅಂಟಿನೊಳಗಿನ ಹೆಕ್ಸೇನ್ ನರಗಳನ್ನು ಹಾಳು ಮಾಡುವುದು ಹೀಗೆ, ತುದಿಯಿಂದ ಮೇಲಕ್ಕೆ. ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ಅದು ಹೆಚ್ಚುತ್ತಲೇ ಹೋಗಬಹುದು. ವೈದ್ಯರು ಮೊದಲು ಸಕ್ಕರೆ ಕಾಯಿಲೆ ಅಂದುಕೊಳ್ಳುತ್ತಾರೆ. ಯಾವ ಅಂಟು, ಯಾವ ದ್ರಾವಕ ಎಂದು ನೀವೇ ಹೇಳಬೇಕು.

ಕಾನೂನಿನ ವಿಷಯ ಚುಟುಕಾಗಿ. ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಕಾರ್ಖಾನೆ ಎಂಬ ಹಳೆಯ ಗೆರೆಯನ್ನು, ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 20ಕ್ಕೆ ಏರಿಸಿದೆ. ನನಗೆ ಇದು ಸರಿ ಕಾಣುವುದಿಲ್ಲ, ಗಾಳಿ ಆಡದ ಇಕ್ಕಟ್ಟಿನ ಶೆಡ್ಡುಗಳು ಇರುವುದೇ ಎಂಟು ಹತ್ತು ಜನರ ಕಡೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿಯಲ್ಲಿ ಬೆಂಜೀನ್ ಮತ್ತು ಕ್ಲೋರಿನ್‌ನಂಥ ಹ್ಯಾಲೋಜೆನ್ ಸೇರಿದ ದ್ರಾವಕಗಳಿಂದ ಬರುವ ಕಾಯಿಲೆಗಳು ಔದ್ಯೋಗಿಕ ರೋಗಗಳೆಂದೇ ಇವೆ. ಆದರೆ ಇಎಸ್‌ಐ ಕಚೇರಿಗೆ ಹೋಗಿ ‘ಥಿನ್ನರ್‌ನಿಂದ ಆಯಿತು’ ಎಂದರೆ ಅರ್ಜಿ ಮುಂದೆ ಹೋಗುವುದು ಕಷ್ಟ.

ಆದ್ದರಿಂದ ಮುಂದಿನ ಸಲ ಕ್ಯಾನ್ ತರಿಸುವಾಗ ಸೇಫ್ಟಿ ಡೇಟಾ ಶೀಟ್ ಕೇಳಿ. ಅದರಲ್ಲಿ 16 ಭಾಗಗಳಿರುತ್ತವೆ, ನಿಮಗೆ ಮೊದಲು ಬೇಕಾದ್ದು ಮೂರನೆಯದು. ಏನೇನು ಬೆರೆಸಿದ್ದಾರೆ, ಪ್ರತಿಯೊಂದರ ಸಿಎಎಸ್ ಸಂಖ್ಯೆ, ಅಂದರೆ ಆ ರಾಸಾಯನಿಕದ ಗುರುತಿನ ಸಂಖ್ಯೆ, ಏನು ಎಂದು ಅಲ್ಲಿರುತ್ತದೆ. ಬ್ರ್ಯಾಂಡ್ ಹೆಸರು ಬದಲಾದರೂ ಈ ಸಂಖ್ಯೆ ಬದಲಾಗುವುದಿಲ್ಲ: ಮೆಥನಾಲ್ 67-56-1, ಹೆಕ್ಸೇನ್ 110-54-3, ಒಸಾಕಾದ ಆ ದ್ರಾವಕ 78-87-5. ಶೀಟ್ ಇಲ್ಲ ಎನ್ನುವ ಅಂಗಡಿಯಿಂದ ಮಾಲು ಎತ್ತಬೇಡಿ. ಬಿಲ್ಲಿನಲ್ಲೂ ಬರೀ ‘ಥಿನ್ನರ್’ ಬೇಡ, ಪೂರ್ತಿ ಹೆಸರು ಬರೆಸಿಕೊಳ್ಳಿ.