ಇಟಲಿಯ ಬಟ್ಟೆ ಅಂಗಡಿಯಲ್ಲಿ ಮಾತು

ಕೇಳುಗರಿಗೆ ನಮಸ್ಕಾರ. ಓದಲೋ ಕೆಲಸಕ್ಕೋ ಮಿಲಾನ್, ಟ್ಯೂರಿನ್ ಕಡೆ ಹೊರಟವರಿಗೆ ಬಟ್ಟೆ ಅಂಗಡಿಯಲ್ಲಿ ಬೇಕಾಗುವ ಇಟಾಲಿಯನ್ ಮಾತುಗಳನ್ನು ಇವತ್ತು ನೋಡೋಣ.

ಒಳಗೆ ಕಾಲಿಟ್ಟ ಕೂಡಲೇ ‘ಬ್ವೊನ್‌ಜೋರ್ನೊ’ ಎನ್ನಿ, ಸಂಜೆಯಾದರೆ ‘ಬ್ವೊನಸೇರಾ’. ಸಣ್ಣ ಅಂಗಡಿಗಳಲ್ಲಿ ಈ ನಮಸ್ಕಾರ ತಪ್ಪಿಸಬಾರದು. ಸುಮ್ಮನೆ ನೋಡಲು ಬಂದಿದ್ದರೆ ‘ಸ್ತೊ ಸೋಲೊ ಗ್ವಾರ್ದಾಂದೊ, ಗ್ರಾತ್ಸ್ಯೆ’ ಎಂದರಾಯಿತು.

ಹಾಕಿ ನೋಡಬೇಕೆ? ನಮ್ಮವರು ಎಡವುವುದು ಇಲ್ಲೇ. ಕನ್ನಡದಲ್ಲಿ ಅಂಗಿಯೂ ‘ಅದು’, ಲಂಗವೂ ‘ಅದು’. ಇಟಾಲಿಯನ್ನಿನಲ್ಲಿ ಬಟ್ಟೆಗೂ ಲಿಂಗವುಂಟು. ‘ವೆಸ್ತೀತೊ’, ಅಂದರೆ ಸೂಟು ಅಥವಾ ಫ್ರಾಕು, ಪುಲ್ಲಿಂಗ: ‘ಪೊಸ್ಸೊ ಪ್ರೊವಾರ್ಲೊ?’ ‘ಜಾಕ್ಕಾ’, ಅಂದರೆ ಕೋಟು, ಸ್ತ್ರೀಲಿಂಗ: ‘ಪೊಸ್ಸೊ ಪ್ರೊವಾರ್ಲಾ?’ ಪ್ಯಾಂಟು ಬಹುವಚನ, ‘ಪ್ರೊವಾರ್ಲಿ’. ಬೂಟಿಗೆ ‘ಪ್ರೊವಾರ್ಲೆ’. ಕೊನೆಯ ಸ್ವರವೊಂದೇ ಬದಲಾಗುವುದು. ಬಿಗಿಯಾಯಿತು ಎನ್ನಲೂ ಇದೇ ಲೆಕ್ಕ: ವೆಸ್ತೀತೊ ‘ಮಿ ಸ್ತಾ ಸ್ತ್ರೆತ್ತೊ’, ಜಾಕ್ಕಾ ‘ಮಿ ಸ್ತಾ ಸ್ತ್ರೆತ್ತಾ’. ಹಾಕಿ ನೋಡುವ ಕೋಣೆ ‘ಕಮೆರೀನೊ’.

ಉಚ್ಚಾರಣೆಯಲ್ಲಿ ಮಾತ್ರ ಕನ್ನಡಿಗರಿಗೆ ಅನುಕೂಲವೇ. ಅವರ ತಕಾರ ನಮ್ಮ ‘ತ’ದಂತೆಯೇ, ‘ಟ’ ಅಲ್ಲ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಅಲ್ಲೂ ಉಂಟು: ‘ಕಪ್ಪೆಲ್ಲೊ’ ಎಂದರೆ ಟೋಪಿ, ಒತ್ತು ಬಿಟ್ಟು ‘ಕಪೆಲ್ಲೊ’ ಎಂದರೆ ತಲೆಕೂದಲು. ಒತ್ತಕ್ಷರವನ್ನು ನುಂಗಬೇಡಿ.

ಬಟ್ಟೆಯ ಅಳತೆ ‘ತಾಲ್ಯಾ’, ಬೂಟಿನದು ‘ನೂಮೆರೊ’. ಗಂಡಸರ ಕೋಟಿನ ಅಳತೆ ಎದೆ ಸುತ್ತಳತೆಯ ಅರ್ಧ, ಸೆಂಟಿಮೀಟರಿನಲ್ಲಿ. ಎದೆ 96 ಇದ್ದರೆ 48. ನಮ್ಮ ದರ್ಜಿಯ ಟೇಪಿನಲ್ಲಿ ಅದು 38 ಇಂಚು. ಹೆಂಗಸರ ಉಡುಪಿನಲ್ಲಿ ಇಟಲಿಯ 42 ಎಂದರೆ ಫ್ರಾನ್ಸಿನ 38. ಒಂದೇ ಚೀಟಿಯಲ್ಲಿ ಎರಡೂ ಅಚ್ಚಾಗಿದ್ದರೆ ‘ಐಟಿ’ ಎಂಬ ಅಕ್ಷರದ ಪಕ್ಕದ್ದನ್ನು ಓದಿ. ದೊಡ್ಡದು ಬೇಕಾದರೆ ‘ಉನಾ ತಾಲ್ಯಾ ಪ್ಯೂ ಗ್ರಾಂದೆ’, ಚಿಕ್ಕದಕ್ಕೆ ‘ಪ್ಯೂ ಪಿಕ್ಕೊಲಾ’.

ದುಡ್ಡು ಕೊಡುವ ಮೊದಲೇ ‘ಪೊಸ್ಸೊ ಕಂಬ್ಯಾರ್ಲೊ?’, ಬದಲಾಯಿಸಿಕೊಳ್ಳಬಹುದೇ ಎಂದು ಕೇಳಿಬಿಡಿ. ದೋಷವಿಲ್ಲದ ಬಟ್ಟೆಯನ್ನು ಬದಲಾಯಿಸಿ ಕೊಡುವುದು ಅಂಗಡಿಯವರ ಇಷ್ಟ. ‘ಸ್ಕೊಂತ್ರೀನೊ’, ಅಂದರೆ ರಸೀತಿ, ಜೋಪಾನ.

ನಿಮ್ಮನ್ನು ನೋಡಲು ಭಾರತದಿಂದ ಬಂದ ಅಪ್ಪ ಅಮ್ಮ 70 ಯೂರೊ ಮೀರಿ ಕೊಂಡರೆ ‘ಟ್ಯಾಕ್ಸ್ ಫ್ರೀ’ ಕಾಗದ, ಅಂದರೆ ತೆರಿಗೆ ವಾಪಸು ಪಡೆಯುವ ಕಾಗದ, ಕೇಳಲಿ. ಪಾಸ್‌ಪೋರ್ಟ್ ಅವರದೇ ಇರಬೇಕು, ಬಿಲ್ಲೂ ಅವರ ಹೆಸರಿಗೇ ಆಗಬೇಕು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮೊದಲು ಕಸ್ಟಮ್ಸ್‌ಗೆ ಹೋಗಲಿ. ಬಟ್ಟೆ ತೋರಿಸಿ ಎಂದರೆ ಕೈಯಲ್ಲಿರಬೇಕಲ್ಲ.